ಆವಿಯ ಸೋರಿಕೆಯ ನಿದಾನ

ಮೋಟಾರು ಗಾಡಿಯ ಪೆಟ್ರೋಲು ತೊಟ್ಟಿಯಿಂದ ಆವಿ ಸೋರುವುದನ್ನು ಕಂಡುಹಿಡಿಯುವ ಕ್ರಮಕ್ಕೂ ಶಾಸ್ತ್ರಸಾಹಿತ್ಯಗಳ ವಿಚಾರಕ್ಕೆ ಮೀಸಲಾದ ಈ ಪತ್ರಿಕೆಗೂ ಏನು ಸಂಬಂಧವೆಂದು ವಾಚಕಮಹಾಶಯರು ಕೇಳಬಹುದು. ಶಂಕೆ ಯುಕ್ತವಾದುದೇ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆಲ್ಲ ಬೆಟ್ಟದ ಮೇಲಣ ಹೊಗೆಯೂ ಅದರಿಂದ ಸಾಧಿಸುವ ಬೆಂಕಿಯೂ ಚಿರಪರಿಚಿತ. ಇಂದಿನ ಯಂತ್ರಶಾಲೆಯಲ್ಲಿ ಅದೇ ಹೊಗೆಯನ್ನು ಲಿಂಗವಾಗಿಟ್ಟುಕೊಂಡು ಬೆಂಕಿಯನ್ನಲ್ಲ, ರಂಧ್ರವನ್ನು ಸಾಧಿಸುತ್ತಾರೆಂದು ತಿಳಿದಾಗ ನನಗೆ ಕುತೂಹಲ ಹುಟ್ಟಿತು. ವಿಚಾರಿಸುತ್ತ ಹೋದಂತೆ ಈ ನಿದಾನದ ಚರಿತ್ರೆಯು ಬಹುಮಟ್ಟಿಗೆ ಹೇತ್ವಾಭಾಸಗಳನ್ನು ಒಂದೊಂದಾಗಿ ಗುರುತಿಸಿ ಕಳೆದ ಚರಿತ್ರೆಯೇ ಎಂದು ತೋರಿತು. ಅದನ್ನೇ ಇಲ್ಲಿ ನಿರೂಪಿಸುತ್ತೇನೆ.

1943ನೆಯ ಜುಲೈ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿ ತರುವ ಮಬ್ಬೊಂದು ಕವಿಯಿತು. ಯುದ್ಧಕಾಲವಾದುದರಿಂದ ಶತ್ರುಗಳು ವಿಷವಾಯುವನ್ನು ಬಿಟ್ಟಿರುವರೆಂದು ಹೆದರಿದವರೂ ಉಂಟು. ಅಲೀಸೋ ಬೀದಿಯಲ್ಲಿ ಕೃತಕ ರಬ್ಬರಿಗೆ ಬೇಕಾದ ದ್ರವ್ಯವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ಜನರ ಸಂಶಯ ಬಿದ್ದಿತು. ಕೆಲಕಾಲ ಅದನ್ನು ಮುಚ್ಚಿಸಿದರು. ಮಬ್ಬು ಮಾತ್ರ ಹೋಗಲಿಲ್ಲ. ಕಾರಣವೆಂದುಕೊಂಡದ್ದು ಇಲ್ಲವಾದರೂ ಕಾರ್ಯ ನಿಂತಿತಾಗಿ, ಇದು ವ್ಯತಿರೇಕವ್ಯಭಿಚಾರಕ್ಕೆ ಒಳ್ಳೆಯ ನಿದರ್ಶನ. ಕಣ್ಣಿಗೆ ಕಾಣುವ ಹೊಗೆಗೊಳವೆಗಳನ್ನೇ ದೂಷಿಸುವ ಅಭ್ಯಾಸವು ಹೀಗೆ ಮೊದಲ ಪೆಟ್ಟನ್ನು ತಿಂದಿತು.

ನಿಜವಾದ ಕಾರಣವನ್ನು ತೋರಿಸಿದವನು ಕ್ಯಾಲಿಫೋರ್ನಿಯಾದ ತಂತ್ರವಿದ್ಯಾಸಂಸ್ಥೆಯಲ್ಲಿದ್ದ ಹಾಲೆಂಡ್ ದೇಶೀಯ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್. ಈತನ ಅಭ್ಯಾಸವಿದ್ದುದು ಅನಾನಸ್ ಹಣ್ಣಿನ ಪರಿಮಳದ್ರವ್ಯಗಳಲ್ಲಿ. ಪರಿಮಳವನ್ನು ತಂಪಿನಲ್ಲಿ ಘನೀಕರಿಸಿ ಹಿಡಿಯುವ ಆ ಉಪಾಯದಿಂದಲೇ ನಗರದ ಗಾಳಿಯನ್ನೂ ಹಿಡಿದು ಪರೀಕ್ಷಿಸಿದನು. ಪೆಟ್ರೋಲಿನ ಹೈಡ್ರೋಕಾರ್ಬನ್ನುಗಳೂ ನೈಟ್ರೋಜನ್ ಆಕ್ಸೈಡುಗಳೂ ಸೂರ್ಯಕಿರಣದಲ್ಲಿ ಕೂಡಿ ಓಜೋನನ್ನು ಹುಟ್ಟಿಸುತ್ತವೆಂಬುದು 1950ರ ಸುಮಾರಿನ ವರ್ಷಗಳಲ್ಲಿ ಆತನು ಸ್ಥಾಪಿಸಿದ ಸಿದ್ಧಾಂತ. ಬಗ್ಗಿಸಿದ ರಬ್ಬರು ತುಂಡು ಬಿರುಕುಬಿಡುವುದನ್ನು ಅಳೆದು ಗಾಳಿಯಲ್ಲಿ ಓಜೋನಿರುವುದನ್ನು ತಿಳಿಯುತ್ತಿದ್ದರು. ಎಣ್ಣೆ ಉದ್ಯಮದವರ ಹಣದಿಂದ ನಡೆದ ಸಂಶೋಧನೆಯ ಕಡೆಯಿಂದ ಪ್ರಬಲವಾದ ಪೂರ್ವಪಕ್ಷ ಬಂದಿತಾದರೂ ಸಿದ್ಧಾಂತ ನಿಂತಿತು. ಇದರಿಂದ ಫಲಿತವಾದ ಅರ್ಥ ಗಮನಾರ್ಹವಾದುದು: ದೋಷವು ಗಾಡಿ ಉಗುಳುವ ಹೊಗೆಯಲ್ಲಿ ಮಾತ್ರವಲ್ಲ, ನಿಂತ ಗಾಡಿಯ ತೊಟ್ಟಿಯಿಂದ ಸದ್ದಿಲ್ಲದೆ ಏಳುವ ಆವಿಯಲ್ಲಿಯೂ ಇದೆ.

ಈ ಆವಿಯನ್ನು ತಡೆಯುವ ಏರ್ಪಾಡು ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಯ ಕಾರುಗಳಿಗೂ ಅಮೆರಿಕದಲ್ಲೆಲ್ಲ 1971ರ ಮಾದರಿಯವಕ್ಕೂ ಕಡ್ಡಾಯವಾಯಿತು. ಅದರ ರಚನೆ ಸರಳ. ತೊಟ್ಟಿಯಿಂದ ಹೊರಟ ಆವಿಯು ಕ್ಯಾನಿಸ್ಟರ್ ಎಂಬ ಡಬ್ಬಿಯಲ್ಲಿನ ಇದ್ದಿಲಿಗೆ ಅಂಟಿ ನಿಲ್ಲುತ್ತದೆ; ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು, ಆ ಆವಿಯನ್ನು ಎಂಜಿನ್ನೇ ಹೀರಿ ಉರಿಸುತ್ತದೆ; ಡಬ್ಬಿಗೆ ಹೊರಗಿನ ಗಾಳಿ ಬರುವ ದಾರಿಯಲ್ಲಿ ವೆಂಟ್ ವಾಲ್ವ್ ಇರುತ್ತದೆ.

ಆದರೆ ಅಳೆಯುವುದು ಹೇಗೆ? ಮೊದಮೊದಲು ಆವಿ ಹೊರಡುವ ದ್ವಾರಗಳಿಗೆ ಇದ್ದಿಲಿನ ಬಲೆಗಳನ್ನು ಕಟ್ಟಿ, ಅವುಗಳ ತೂಕ ಎಷ್ಟು ಹೆಚ್ಚಿತೆಂದು ನೋಡುತ್ತಿದ್ದರು. 1971ರಲ್ಲಿ ಒಂದು ಪರೀಕ್ಷೆಗೆ 6 ಗ್ರಾಮಿನ ಮಿತಿಯಿತ್ತು. ಮರುವರ್ಷ ಅದು 2 ಗ್ರಾಮಿಗೆ ಇಳಿಯಿತು. 1978ರಲ್ಲಿ ಮಿತಿ ಮತ್ತೆ 6 ಗ್ರಾಮಿಗೆ ಏರಿತು. ಅಂಕೆಗಳನ್ನು ಮಾತ್ರ ನೋಡಿದವನು ಶಾಸನ ಸಡಿಲವಾಯಿತೆಂದು ತಿಳಿದಾನು. ನಡೆದದ್ದು ಬೇರೆ. ಆ ವರ್ಷದಿಂದ ಇಡಿಯ ಗಾಡಿಯನ್ನೇ ಮುಚ್ಚಿದ ಕೋಣೆಯೊಳಗೆ ನಿಲ್ಲಿಸಿ, ಕೋಣೆಯ ಗಾಳಿಯಲ್ಲಿ ಸೇರಿದ ಆವಿಯನ್ನೆಲ್ಲ ಅಳೆಯತೊಡಗಿದರು. ಹಿಂದಿನ ಕ್ರಮದಲ್ಲಿ ಆವಿ ಎಲ್ಲಿಂದ ಹೊರಡುತ್ತದೆಂದು ಮೊದಲೇ ನಿಶ್ಚಯಿಸಿಕೊಂಡು ಅಲ್ಲಿ ಮಾತ್ರ ಬಲೆ ಕಟ್ಟುತ್ತಿದ್ದರಷ್ಟೆ. ಕಟ್ಟದ ಕಡೆಯಿಂದ ಹೊರಟದ್ದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಸಾಧಿಸಬೇಕಾದುದನ್ನೇ ಸಿದ್ಧವೆಂದಿಟ್ಟುಕೊಂಡು ಅಳತೆಗೆ ಹೊರಟ ದೋಷವಿದು. ಮುಚ್ಚಿದ ಕೋಣೆಯಲ್ಲಿ 2 ಗ್ರಾಮಿನ ಮಿತಿ ಬಂದುದು 1981ರಲ್ಲಿ. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಇದಕ್ಕಿಂತ ಬೋಧಪ್ರದವಾದ ಘಟ್ಟ ಮತ್ತೊಂದಿಲ್ಲ.

ಇಷ್ಟಾದರೂ ಈ ಪರೀಕ್ಷೆಯು ಕಾರ್ಖಾನೆಯವರು ಒಪ್ಪಿಸಿದ ಹೊಸ ಗಾಡಿಗೆ. ಹತ್ತು ವರ್ಷ ಓಡಿದ ಗಾಡಿಯ ರಬ್ಬರು ಕೊಳವೆ ಸೀಳಿದರೆ, ಮುಚ್ಚಳದ ಉಂಗುರ ಗಟ್ಟಿಯಾಗಿ ಬಿರಿದರೆ ತಿಳಿಯುವವರಾರು? ಗಾಡಿಯೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕೆಂಬ ನಿಯಮ ಇದಕ್ಕಾಗಿ ಬಂದಿತು. ಕ್ಯಾಲಿಫೋರ್ನಿಯಾದಲ್ಲಿ 1989ರಲ್ಲಿ ಅಂಗೀಕೃತವಾದ ಆ ನಿಯಮವು 1994ರ ಮಾದರಿಗಳಿಂದ ಮೊದಲ್ಗೊಂಡು ಕ್ರಮವಾಗಿ ಜಾರಿಗೆ ಬಂದಿತು. ಸುಮಾರು 1 ಮಿಲಿಮೀಟರ್ ವ್ಯಾಸದ ರಂಧ್ರವನ್ನು ಗಾಡಿಯ ಗಣಕ ಗುರುತಿಸಬೇಕಾಗಿತ್ತು. 2000ದಿಂದ ಅಲ್ಲಿ ಈ ಪ್ರಮಾಣ ಅರ್ಧ ಮಿಲಿಮೀಟರಿಗೆ ಇಳಿಯಿತು.

ಗಣಕದ ಯುಕ್ತಿ ಹೀಗಿದೆ. ವೆಂಟ್ ವಾಲ್ವನ್ನು ಮುಚ್ಚಿ, ಪರ್ಜ್ ವಾಲ್ವನ್ನು ತೆರೆದು, ಎಂಜಿನ್ನಿನ ಸೆಳೆತದಿಂದ ತೊಟ್ಟಿಯಲ್ಲಿ ಅಲ್ಪ ನಿರ್ವಾತವನ್ನುಂಟುಮಾಡಿ, ಬಳಿಕ ಎರಡನ್ನೂ ಮುಚ್ಚಿ, ನಿರ್ವಾತ ಎಷ್ಟು ಬೇಗ ಕುಂದುತ್ತದೆಂದು ನೋಡುವುದು. ಬೇಗ ಕುಂದಿದರೆ ಸೋರಿಕೆಯುಂಟು. ಆದರೆ ಈ ಹೇತು ಸವ್ಯಭಿಚಾರ. ಪೆಟ್ರೋಲು ಬಿಸಿಯಾಗಿದ್ದರೆ ಅದರ ಆವಿಯೇ ನಿರ್ವಾತವನ್ನು ತುಂಬುತ್ತದೆ, ರಂಧ್ರವಿಲ್ಲದಿದ್ದರೂ. ಆದುದರಿಂದ ಎಂಜಿನ್ ತಣ್ಣಗಿದ್ದು ಹೊರಟಿರಬೇಕು, ತೊಟ್ಟಿಯಲ್ಲಿ ಪೆಟ್ರೋಲು ಸಾಮಾನ್ಯವಾಗಿ ಶೇಕಡ 15ರಿಂದ 85ರೊಳಗಿರಬೇಕು ಎಂಬ ನಿಬಂಧನೆಗಳು ಕೂಡಿಕೊಂಡವು. ಇವನ್ನು ಉಪಾಧಿಗಳೆನ್ನುವುದಕ್ಕಿಂತ ಹೇತುವಿನ ವಿಶೇಷಣಗಳೆನ್ನುವುದು ಸಮಂಜಸ. ತಣ್ಣನೆಯ ಪೆಟ್ರೋಲುಳ್ಳ ತೊಟ್ಟಿಯಲ್ಲಿ ನಿರ್ವಾತ ಕುಂದುವುದೇ ಸದ್ಧೇತು. ಸಾಮಾನ್ಯವಾಗಿ ಎರಡು ಪ್ರಯಾಣಗಳಲ್ಲಿ ಒಂದೇ ಫಲ ಬಂದರೆ ಮಾತ್ರ ಎಚ್ಚರಿಕೆಯ ದೀಪ ಉರಿಯುತ್ತದೆ. ಬೇರೊಂದು ಕ್ರಮದಲ್ಲಿ ಎಂಜಿನ್ ನಿಂತ ಮೇಲೆ ತೊಟ್ಟಿಯನ್ನು ಮುಚ್ಚಿ, ಉಳಿದ ಬಿಸಿಯಿಂದ ಒತ್ತಡ ಏರುವುದನ್ನೂ ತಣಿದಂತೆ ನಿರ್ವಾತವಾಗುವುದನ್ನೂ ಕಾಯುತ್ತಾರೆ. ಎರಡೂ ಆಗದಿದ್ದರೆ ಸೋರಿಕೆಯೆಂದು ನಿರ್ಣಯ.

ಇಲ್ಲಿಯವರೆಗೆ ಸಿದ್ಧವಾದುದು ಸೋರಿಕೆಯ ಅಸ್ತಿತ್ವ, ಅದರ ಅಧಿಕರಣವಲ್ಲ. ಈ ಭೇದವನ್ನು ಮರೆತುದರಿಂದಲೇ ಗಾಡಿಯ ಒಡೆಯರು ವೃಥಾ ವ್ಯಯಕ್ಕೆ ಗುರಿಯಾಗುತ್ತಾರೆ. ಪಿ 0455 ಎಂದರೆ ದೊಡ್ಡ ಸೋರಿಕೆ, ಪಿ 0442 ಸಣ್ಣದು, ಪಿ 0456 ಅತಿ ಸಣ್ಣದು. ಇವು ಪರಿಮಾಣವನ್ನು ಹೇಳುತ್ತವೆಯೇ ಹೊರತು ಸ್ಥಾನವನ್ನಲ್ಲ. ಪಿ 0457 ಮುಚ್ಚಳವನ್ನು ಹೆಸರಿಸುವುದಾದರೂ ಅದೂ ಊಹೆಯೇ. ಮುಚ್ಚಳವನ್ನು ಬಿಗಿಮಾಡಿ ನೋಡುವುದು ವೈದ್ಯಶಾಸ್ತ್ರದ ಉಪಶಯದಂತೆ: ಔಷಧ ಕೊಟ್ಟು ರೋಗವನ್ನು ತಿಳಿಯುವುದು. ಮುಚ್ಚಳದ ಮಟ್ಟಿಗೆ ಅದು ಸರಿ, ಖರ್ಚಿಲ್ಲ. ಅದೇ ನ್ಯಾಯದಿಂದ ಪರ್ಜ್ ವಾಲ್ವ್, ಕ್ಯಾನಿಸ್ಟರ್, ತೊಟ್ಟಿಗಳನ್ನು ಒಂದಾದಮೇಲೊಂದು ಬದಲಾಯಿಸುವುದು ನಿದಾನವಲ್ಲ.

ಅಧಿಕರಣವನ್ನು ತೋರಿಸುವುದು ಹೊಗೆಯ ಪರೀಕ್ಷೆ. ಖನಿಜತೈಲವನ್ನು ಕಾಯಿಸಿ ಹುಟ್ಟಿಸಿದ ಹೊಗೆಯನ್ನು ಚದರಂಗುಲಕ್ಕೆ ಒಂದು ಪೌಂಡಿಗೂ ಕಡಮೆಯಾದ ಒತ್ತಡದಲ್ಲಿ ಕೊಳವೆಗಳೊಳಗೆ ತಳ್ಳಿ, ಎಲ್ಲಿ ಹೊರಬರುತ್ತದೆಂದು ದೀಪ ಹಿಡಿದು ನೋಡುತ್ತಾರೆ. ಪೆಟ್ರೋಲಿನ ಆವಿಗೆ ಗಾಳಿ ಬೆರೆತರೆ ಕಿಡಿಯೊಂದು ಸಾಕಾದುದರಿಂದ ತಳ್ಳುವುದಕ್ಕೆ ನೈಟ್ರೋಜನ್ನಿನಂತಹ ಜಡವಾಯು ಉತ್ತಮ. ಹೊಗೆಯಿದ್ದಲ್ಲಿ ಬೆಂಕಿಯಿರಬಾರದೆಂದೇ ಇಲ್ಲಿನ ಪ್ರಯತ್ನವೆಲ್ಲ! ಈ ಹೇತುವಿಗೂ ಆಭಾಸವುಂಟು. ವೆಂಟ್ ವಾಲ್ವನ್ನು ಮೊದಲು ಮುಚ್ಚದಿದ್ದರೆ ಹೊಗೆ ಸಹಜವಾಗಿಯೇ ಅಲ್ಲಿ ಹೊರಬೀಳುತ್ತದೆ, ಅದು ಸೋರಿಕೆಯಲ್ಲ. ಪರ್ಜ್ ವಾಲ್ವ್ ಸರಿಯಾಗಿ ಮುಚ್ಚದೆ ಎಂಜಿನ್ನಿನೊಳಕ್ಕೇ ಸೋರುತ್ತಿದ್ದರೆ ಹೊರಗೆ ಹೊಗೆ ಕಾಣುವುದೇ ಇಲ್ಲ. ಆಗ ಕೊಳವೆಯನ್ನು ಬಿಚ್ಚಿ ಆ ವಾಲ್ವೊಂದನ್ನೇ ಬೇರೆಯಾಗಿ ಪರೀಕ್ಷಿಸತಕ್ಕದ್ದು.

ಯೂರೋಪಿನವರು ಮುಚ್ಚಿದ ಕೋಣೆಯ ಅಳತೆಯನ್ನು ಸ್ವೀಕರಿಸಿದರೂ ಗಾಡಿಯ ಗಣಕವೇ ರಂಧ್ರವನ್ನು ಹುಡುಕಬೇಕೆಂದು ವಿಧಿಸಲಿಲ್ಲ. ಪರ್ಜ್ ವಾಲ್ವಿನ ವಿದ್ಯುತ್ತಿನ ತಂತಿ ತುಂಡಾಗಿಲ್ಲವೆಂದು ನೋಡಿದರೆ ಸಾಕೆಂದರು. ನಮ್ಮ ದೇಶದ ಭಾರತ್ ಸ್ಟೇಜ್ ನಿಯಮಗಳು ಬಹುಮಟ್ಟಿಗೆ ಆ ಮಾರ್ಗದವು. ಅವುಗಳ ಆರನೆಯ ಘಟ್ಟ ಜಾರಿಗೆ ಬಂದುದು 2020ರ ಏಪ್ರಿಲ್ 1ರಂದು. ಇಂದು ನಮ್ಮ ಬೀದಿಗಳ ಸ್ಕೂಟರುಗಳಲ್ಲಿಯೂ ಇದ್ದಿಲಿನ ಡಬ್ಬಿಯಿದೆ. ತಾರ್ಕಿಕರು ಅಭಾವವನ್ನು ಸಾಧಿಸುವಾಗ ಅನುಪಲಬ್ಧಿಯು ಯೋಗ್ಯವಾಗಿರಬೇಕೆನ್ನುತ್ತಾರೆ. ಇದ್ದಿದ್ದರೆ ಕಾಣುತ್ತಿತ್ತು ಎಂಬಂತಿರಬೇಕು. ಹುಡುಕುವುದೇ ಇಲ್ಲದ ದೀಪವು ಉರಿಯದಿದ್ದ ಮಾತ್ರಕ್ಕೆ ಸೋರಿಕೆ ಇಲ್ಲವೆಂದು ಹೇಳಬರುವುದಿಲ್ಲ. ಅಂತಹ ಗಾಡಿಯನ್ನು ರಾತ್ರಿ ನಿಲ್ಲಿಸಿದ್ದ ಕೊಟ್ಟಿಗೆಯ ಬಾಗಿಲನ್ನು ಬೆಳಿಗ್ಗೆ ತೆರೆದಾಗ ಪೆಟ್ರೋಲಿನ ವಾಸನೆ ಬಂದರೆ, ದೀಪವನ್ನು ನಂಬದೆ ಮೆಕ್ಯಾನಿಕ್ಕಿನಲ್ಲಿಗೆ ಒಯ್ದು ಹೊಗೆಯ ಪರೀಕ್ಷೆಯನ್ನು ಕೇಳತಕ್ಕದ್ದು.