ನಿನ್ನ ಪರವಾಗಿ ಸಾಕ್ಷಿ ಹೇಳುವವರು ಯಾರು? ಮೊದಲ ಮನೆಸಾಲದ ಹಿಂದಿನ ಚರಿತ್ರೆ

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ನಮ್ಮ ಯುವಕರು ಜುಮಾ ನಮಾಝಿನ ನಂತರ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಹೆಚ್ಚಾಗಿದೆ. “ಹಜ್ರತ್, ಮನೆ ಕಟ್ಟಲು ಸಾಲ ಕೇಳಿದರೆ ಸಿಬಿಲ್ ಇಲ್ಲ ಅನ್ನುತ್ತಾರೆ. ನಾನು ಇದುವರೆಗೆ ಯಾರ ಬಳಿಯೂ ಸಾಲ ಮಾಡಿಲ್ಲ. ಸಾಲ ಮಾಡದೇ ಇರುವುದೂ ತಪ್ಪೇ?” ಎಂದು ಅವರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಸ್ವಲ್ಪ ಚರಿತ್ರೆಯನ್ನು ನೋಡಬೇಕು. ಸಾಲ ಕೊಡುವವನು ಎಲ್ಲ ಕಾಲದಲ್ಲಿಯೂ ಕೇಳಿದ್ದು ಒಂದನ್ನೇ: “ನಿನ್ನ ಪರವಾಗಿ ಸಾಕ್ಷಿ ಹೇಳುವವರು ಯಾರು?” ಬದಲಾಗುತ್ತಾ ಬಂದಿರುವುದು ಆ ಸಾಕ್ಷಿ ಮಾತ್ರ.

ಸಾಕ್ಷಿ, ಬರಹ, ಅಡವು

ನಮ್ಮ ಪರಂಪರೆಯಲ್ಲಿ ಈ ವಿಷಯ ಹೊಸದಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರದ 282ನೇ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಮತ್ತು ಸಾಕ್ಷಿಗಳನ್ನು ನಿಲ್ಲಿಸುವ ಬಗ್ಗೆ ಇದೆ. ಅದರ ಮುಂದಿನ ಸೂಕ್ತವು, ಪ್ರಯಾಣದಲ್ಲಿ ಬರೆಯುವವರು ಸಿಗದಿದ್ದರೆ ಅಡವಿನ ವಸ್ತುವನ್ನು ಕೊಡುವ ದಾರಿಯನ್ನು ಹೇಳುತ್ತದೆ. ಪ್ರವಾದಿವರ್ಯರು(ಸ) ಸ್ವತಃ ಮನೆಯವರ ಆಹಾರಕ್ಕಾಗಿ ಜವೆಗೋಧಿ ಪಡೆದು ತಮ್ಮ ಯುದ್ಧಕವಚವನ್ನು ಮದೀನಾದ ಒಬ್ಬ ಯಹೂದಿಯ ಬಳಿ ಅಡವಿಟ್ಟಿದ್ದರೆಂದು ಸಹೀಹ್ ಬುಖಾರಿಯಲ್ಲಿದೆ.

ಇನ್ನೊಂದು ಪ್ರಸಂಗವೂ ಅಲ್ಲಿಯೇ ಇದೆ. ಸಾಲ ಉಳಿಸಿ ಮೃತಪಟ್ಟ ವ್ಯಕ್ತಿಯ ಜನಾಝಾ ಬಂದಾಗ ಪ್ರವಾದಿವರ್ಯರು(ಸ) ನಮಾಝ್ ನಿರ್ವಹಿಸಲು ಮುಂದಾಗಲಿಲ್ಲ. ಅಬೂ ಕತಾದ(ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ನಂತರವೇ ನಮಾಝ್ ನಡೆಯಿತು. ಜಾಮೀನು ಎಂದರೆ ಬರೇ ಸಹಿಯಲ್ಲ, ಇನ್ನೊಬ್ಬನ ಹೊರೆಗೆ ಹೆಗಲು ಕೊಡುವುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಹೀಗೆ ನೆರೆಯವನ ಮಾತು, ಅಡವಿನ ವಸ್ತು, ಬರೆದ ಕಾಗದ ಎಂಬ ಮೂರು ಸಾಕ್ಷಿಗಳು ಆಗಲೇ ಇದ್ದವು. ಅಂಕಿಯ ರೂಪದ ನಾಲ್ಕನೆಯ ಸಾಕ್ಷಿ ನಮ್ಮ ಕಾಲದ್ದು.

ಎರಡು ಆಡಳಿತ, ಒಂದೇ ಬವಣೆ

1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಮುಂದೆ ಮದ್ರಾಸ್ ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಯಿತು. ಹನೂರು ಆಗ ಇದೇ ತಾಲ್ಲೂಕಿನ ಭಾಗ. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಒಂದೇ ಭಾಷೆಯ, ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತರುವ ಊರುಗಳು 1956ರ ನವೆಂಬರ್ 1ರವರೆಗೆ ಎರಡು ಆಡಳಿತಗಳ ಕೆಳಗಿದ್ದವು.

ಆಡಳಿತ ಎರಡಾದರೂ ಬಡವನ ಸಾಲದ ಕಥೆ ಒಂದೇ ಆಗಿತ್ತು. ನೇಯುವವನಿಗೆ ನೂಲು ಬೇಕು, ನೂಲು ಬಿಚ್ಚುವವನಿಗೆ ಗೂಡು ಬೇಕು, ಗೂಡಿಗೆ ಹಣ ಬೇಕು. ಸಾಹುಕಾರ ಮುಂಗಡ ಕೊಡುತ್ತಾನೆ, ಮಾಲು ಅವನಿಗೇ ಹೋಗಬೇಕು, ಬೆಲೆಯನ್ನೂ ಅವನೇ ಹೇಳುತ್ತಾನೆ. ಸಾಹುಕಾರನಿಗೆ ಸಾಲಗಾರನ ಮನೆ, ಮಕ್ಕಳು, ಕೈಕೆಲಸ ಎಲ್ಲವೂ ಗೊತ್ತು. ಆ ತಿಳಿವಳಿಕೆಯೇ ಅವನ ಭದ್ರತೆ, ಅದೇ ಸಾಲಗಾರನ ಸಂಕೋಲೆ. ಸಾಲಗಾರನ ಒಳ್ಳೆಯತನ ಸಾಹುಕಾರನ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಆ ಪುಸ್ತಕವನ್ನು ಹಿಡಿದು ಇನ್ನೊಂದು ಕಡೆ ಹೋಗಲು ಅವನಿಗೆ ಆಗುತ್ತಿರಲಿಲ್ಲ.

ನಮ್ಮ ತಾಲ್ಲೂಕನ್ನು ಬಲ್ಲ ಒಬ್ಬ ಅಧಿಕಾರಿ

ಈ ಬವಣೆಗೆ ಪರಿಹಾರ ಹುಡುಕಿದವರಲ್ಲಿ ಮುಖ್ಯರಾದವರು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿ. ಕೊಳ್ಳೇಗಾಲವೂ ಸೇರಿದ್ದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು 1887ರಲ್ಲಿ ಬರೆದವರು ಇವರೇ. ಮುಂದೆ ಮದ್ರಾಸ್ ಸರಕಾರವು ರೈತರ ಸಾಲದ ಬಗ್ಗೆ ಅಧ್ಯಯನ ಮಾಡುವ ಹೊಣೆಯನ್ನು ಇವರಿಗೆ ವಹಿಸಿತು. 1895 ಮತ್ತು 1897ರಲ್ಲಿ ಬಂದ ಇವರ ವರದಿಯ ತಿರುಳು ಇಷ್ಟು: ನಮಗೆ ಒಬ್ಬ ರೈಫೈಸನ್ ಬೇಕು.

ರೈಫೈಸನ್ ಜರ್ಮನಿಯ ಒಂದು ಹಳ್ಳಿ ಪ್ರದೇಶದ ಮೇಯರ್. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಅವರು ಸಾಲದ ಸಂಘವೊಂದನ್ನು ಕಟ್ಟಿದರು. ಒಂದೇ ಊರಿನವರು ಸೇರಿ ಸಂಘ ಮಾಡುವುದು, ಒಬ್ಬ ತೀರಿಸದಿದ್ದರೆ ಎಲ್ಲರೂ ಹೊಣೆಯಾಗುವುದು ಆ ಪದ್ಧತಿಯ ಜೀವಾಳ. ಎಲ್ಲರೂ ಹೊಣೆ ಎಂದ ಮೇಲೆ ಯಾರು ದುಡಿಯುತ್ತಾನೆ, ಯಾರು ದುಂದುಗಾರ ಎಂಬುದನ್ನು ಊರೇ ನೋಡಿಕೊಳ್ಳುತ್ತದೆ. ಆಸ್ತಿ ಇಲ್ಲದವನ ಪರವಾಗಿ ಅವನ ನಡತೆ ಮಾತನಾಡುತ್ತದೆ.

ಈ ಚಿಂತನೆಯ ಫಲವಾಗಿ 1904ರಲ್ಲಿ ಬ್ರಿಟಿಷ್ ಭಾರತಕ್ಕೆ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಮೈಸೂರು ಸಂಸ್ಥಾನವೂ ತನ್ನದೇ ಕಾನೂನು ಮಾಡಿತು. ಅದೇ ವರ್ಷ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ಕನ್ನಡ ನಾಡಿಗೆ ದಾರಿ ತೋರಿದರು. 1909ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟುವವರದೇ ಸಹಕಾರ ಸಂಘ ಹುಟ್ಟಿತು. ನೆರೆಯವನ ಮಾತು ಈ ಸಂಘಗಳ ಮೂಲಕ ದಾಖಲೆಯ ಪುಸ್ತಕಕ್ಕೆ ಏರಿತು.

ಮುಖದಿಂದ ಅಂಕಿಗೆ

ಪಟ್ಟಣಗಳು ಬೆಳೆದಂತೆ ಸಾಲ ಕೊಡುವವನಿಗೆ ಸಾಲಗಾರನ ಮುಖ ಪರಿಚಯ ತಪ್ಪಿತು. ಅಮೆರಿಕದಲ್ಲಿ 1841ರಲ್ಲಿಯೇ ಲೂಯಿಸ್ ಟಪ್ಪನ್ ಎಂಬ ವ್ಯಾಪಾರಿ, ಬೇರೆ ಊರಿನ ವ್ಯಾಪಾರಿಗಳ ಪ್ರಾಮಾಣಿಕತೆಯ ವರದಿ ಸಂಗ್ರಹಿಸಿ ಕೊಡುವ ಸಂಸ್ಥೆಯನ್ನು ಸ್ಥಾಪಿಸಿದ್ದ. ನಮ್ಮಲ್ಲಿ ಅಂಥ ಸಂಸ್ಥೆಯಾದ ಸಿಬಿಲ್ ಆರಂಭವಾದದ್ದು 2000ರಲ್ಲಿ. ಅದಕ್ಕೆ ಬೇಕಾದ ಪ್ರತ್ಯೇಕ ಕಾನೂನು 2005ರಲ್ಲಿ ಬಂತು. ಇಂದು ಸಿಬಿಲ್ ಅಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ಇನ್ನೂ ಮೂರು ಸಂಸ್ಥೆಗಳಿವೆ. ಬ್ಯಾಂಕುಗಳು ಕೊಡುವ ಮಾಹಿತಿಯಿಂದ ಇವು 300ರಿಂದ 900ರೊಳಗಿನ ಒಂದು ಅಂಕಿಯನ್ನು ತಯಾರಿಸುತ್ತವೆ.

ಈಗ ನಮ್ಮ ಯುವಕನ ಸ್ಥಿತಿ ನೋಡಿ. ಅವನ ಅಜ್ಜನಿಗೆ ಊರು ಸಾಕ್ಷಿಯಾಗಿತ್ತು. ಅವನಿಗೆ ಬ್ಯಾಂಕಿನಲ್ಲಿ ಆ ಸಾಕ್ಷಿ ನಡೆಯುವುದಿಲ್ಲ. ಅಂಕಿ ಇನ್ನೂ ಹುಟ್ಟಿಲ್ಲ. ನೂಲು ಬಿಚ್ಚುವ ಘಟಕದಲ್ಲಿಯೋ ಗ್ಯಾರೇಜಿನಲ್ಲಿಯೋ ಕೈಗೆ ನಗದು ಸಂಬಳ ಬರುತ್ತದೆ, ಕಾಗದವಿಲ್ಲ. ಬಾಡಿಗೆಯನ್ನು ತಪ್ಪದೆ ಕಟ್ಟಿದ್ದಾನೆ, ರಶೀದಿಯಿಲ್ಲ. ಅವನು ನಂಬಿಕೆಗೆ ಅರ್ಹನಲ್ಲದವನಲ್ಲ, ಸಾಕ್ಷಿ ಇಲ್ಲದವನು. ಈ ಎರಡರ ನಡುವಿನ ವ್ಯತ್ಯಾಸವನ್ನು ಯುವಕರೂ ತಂದೆತಾಯಿಯರೂ ಅರಿಯಬೇಕು.

ಕಾನೂನು ಕೂಡ ಈ ವ್ಯತ್ಯಾಸವನ್ನು ಒಪ್ಪಿದೆ. ಹಿಂದಿನ ಸಾಲದ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿ 6ರ ನಿರ್ದೇಶನದಲ್ಲಿ ಹೇಳಿದೆ. ಅದೇ ವರ್ಷ ಕೇಂದ್ರ ಸರಕಾರ ಲೋಕಸಭೆಯಲ್ಲಿ ಈ ಮಾತನ್ನು ಸ್ಪಷ್ಟಪಡಿಸಿತು. ಹಾಗೆಂದು ಸಾಲ ಸಿಕ್ಕೇ ಸಿಗುತ್ತದೆ ಎಂದಲ್ಲ; ಆದಾಯ, ಆಸ್ತಿಪತ್ರ, ತೀರಿಸುವ ಶಕ್ತಿ ಎಲ್ಲವನ್ನೂ ಬ್ಯಾಂಕ್ ನೋಡಿಯೇ ನೋಡುತ್ತದೆ.

ಸಾಕ್ಷಿ ಇಲ್ಲದವರು ಬೀಳುವ ಎರಡು ಗುಂಡಿಗಳು

ಬ್ಯಾಂಕಿನ ಬಾಗಿಲು ತೆರೆಯದಾಗ ಒಂದು ಗುಂಡಿ ವಾರದ ಕಂತಿನ ಸಾಲ. 2025ರ ಆರಂಭದಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿಯೇ ಕಿರುಸಾಲದ ವಸೂಲಿಗೆ ಹೆದರಿ ಕುಟುಂಬಗಳು ಮನೆ ತೊರೆದ ಸುದ್ದಿ ನಾಡಿನ ಮನ ಕಲಕಿತು. ಆ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತರಬೇಕಾಯಿತು.

ಎರಡನೆಯ ಗುಂಡಿ ಧರ್ಮದ ಹೆಸರಿನದು. ಹಲಾಲ್ ಲಾಭ ಎಂದು ನಂಬಿ ಬೆಂಗಳೂರಿನ ಐಎಂಎ ಸಂಸ್ಥೆಯಲ್ಲಿ ಹಣವಿಟ್ಟ ಸಾವಿರಾರು ಮುಸ್ಲಿಮ್ ಕುಟುಂಬಗಳು 2019ರ ಜೂನ್‌ನಲ್ಲಿ ಬೀದಿಗೆ ಬಂದವು. ಮನೆಗೆಂದು, ಮಗಳ ಮದುವೆಗೆಂದು ಕೂಡಿಟ್ಟ ಹಣ ಅದು. ಗಡ್ಡ, ಟೋಪಿ, ಮಧುರವಾದ ಬಯಾನ್ ಇವು ಲೆಕ್ಕಪತ್ರಕ್ಕೆ ಬದಲಿಯಲ್ಲ. ಬರೆದಿಡಿ ಎಂಬ ಆಜ್ಞೆ ನಮ್ಮವರ ನಡುವಿನ ವ್ಯವಹಾರಕ್ಕೂ ಇದೆ.

ಬಡ್ಡಿಯ ಮಾತು

ಬಡ್ಡಿ ಹರಾಮ್ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. ಆದರೆ ರಿಸರ್ವ್ ಬ್ಯಾಂಕ್ 2017ರಲ್ಲಿ ಆ ಪ್ರಸ್ತಾಪವನ್ನು ಮುಂದುವರಿಸದಿರಲು ತೀರ್ಮಾನಿಸಿತು. ಯುರೋಪಿನ ಫತ್ವಾ ಮಂಡಳಿಯು 1999ರಲ್ಲಿ, ಬೇರೆ ದಾರಿಯಿಲ್ಲದ ಅಲ್ಲಿನ ಮುಸ್ಲಿಮರಿಗೆ ವಾಸದ ಮನೆಯ ವಿಷಯದಲ್ಲಿ ಷರತ್ತುಗಳೊಂದಿಗೆ ರಿಯಾಯಿತಿ ಹೇಳಿತು. ಅದನ್ನು ಒಪ್ಪದ ಉಲಮಾಗಳು ಅನೇಕರಿದ್ದಾರೆ. ಈ ಲೇಖನ ಫತ್ವಾ ಅಲ್ಲ. ತಮ್ಮ ಆದಾಯ, ಬಾಡಿಗೆ, ಅಗತ್ಯ ಎಲ್ಲವನ್ನೂ ಮುಂದಿಟ್ಟು ವಿಶ್ವಾಸಾರ್ಹ ಮುಫ್ತಿಯವರಲ್ಲಿ ಕೇಳಿ.

ಲೆಕ್ಕವನ್ನಾದರೂ ಕಣ್ತೆರೆದು ನೋಡಿ. 20 ಲಕ್ಷ ರೂಪಾಯಿ ಸಾಲ, ಶೇಕಡ 9 ಬಡ್ಡಿ, 20 ವರ್ಷದ ಅವಧಿ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 18,000. ಒಟ್ಟು ಕಟ್ಟುವುದು ಸುಮಾರು 43 ಲಕ್ಷ. ಅಂದರೆ ಅಸಲಿಗಿಂತ ಬಡ್ಡಿಯೇ ಹೆಚ್ಚು. “ತಿಂಗಳಿಗೆ ಇಷ್ಟೇ ತಾನೇ” ಎಂಬ ಮಾತಿನಲ್ಲಿ ಈ ಸತ್ಯ ಅಡಗಿರುತ್ತದೆ. ಬಡ್ಡಿ ತಪ್ಪಿಸಲು ನಮ್ಮವರು ಭೋಗ್ಯಕ್ಕೆ ಮನೆ ಹಿಡಿಯುವುದುಂಟು. ಕೊಟ್ಟ ಹಣ ಪೂರ್ತಿ ವಾಪಸಾಗಿ ವಾಸ ಪುಕ್ಕಟೆಯಾದರೆ ಆ ಪ್ರಯೋಜನವೂ ಬಡ್ಡಿಯ ಸಾಲಿಗೆ ಸೇರುತ್ತದೆಂದು ಅನೇಕ ಉಲಮಾಗಳು ಹೇಳಿದ್ದಾರೆ. ಅದನ್ನೂ ಕೇಳಿ ತಿಳಿಯಿರಿ.

ಯುವಕರು ಮಾಡಬೇಕಾದದ್ದು, ಜಮಾಅತ್ ಮಾಡಬೇಕಾದದ್ದು

ಯಾವ ದಾರಿ ಹಿಡಿದರೂ ಸಾಕ್ಷಿಯನ್ನು ಇಂದೇ ಕಟ್ಟಲು ಆರಂಭಿಸಿ. ಸಂಬಳ, ವ್ಯಾಪಾರದ ಹಣ ಬ್ಯಾಂಕ್ ಖಾತೆಯ ಮೂಲಕ ಹಾದುಹೋಗಲಿ. ಬಾಡಿಗೆಯನ್ನು ಕರಾರುಪತ್ರ ಮಾಡಿಕೊಂಡು ಖಾತೆಗೇ ಹಾಕಿ. ಆದಾಯ ಸಣ್ಣದಾದರೂ ವರ್ಷ ವರ್ಷ ಆದಾಯ ತೆರಿಗೆ ವಿವರ ಸಲ್ಲಿಸಿ. ಸಂಬಳದ ಚೀಟಿ ಇಲ್ಲದವನಿಗೆ ಅದೇ ದೊಡ್ಡ ಕಾಗದ. ಪ್ರತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಸಾಲದ ವರದಿ ಉಚಿತವಾಗಿ ಸಿಗುತ್ತದೆ, ತೆಗೆದು ನೋಡಿ. ನೀವು ಮಾಡದ ಸಾಲ ಅದರಲ್ಲಿದ್ದರೆ ದೂರು ಕೊಟ್ಟು ಸರಿಪಡಿಸಿ. ಅಂಕಿ ಹುಟ್ಟಿಸಲೆಂದೇ ಬೇಡದ ವಸ್ತುವನ್ನು ಸಾಲದಲ್ಲಿ ಕೊಳ್ಳಬೇಡಿ.

ನಿವೇಶನ ಕೊಳ್ಳುವ ಮೊದಲು ಪತ್ರ ನೋಡಿ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ಇಲ್ಲದ, ಭೂಪರಿವರ್ತನೆ ಆಗದ ಜಾಗಕ್ಕೆ ಬ್ಯಾಂಕ್ ಮುಂದೆ ಬರುವುದು ಕಷ್ಟ. 30 ಲಕ್ಷದವರೆಗಿನ ಸಾಲದಲ್ಲಿ ಮನೆಯ ಬೆಲೆಯ ಶೇಕಡ 90ಕ್ಕಿಂತ ಹೆಚ್ಚು ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಉಳಿದದ್ದು ನಿಮ್ಮ ಉಳಿತಾಯದಿಂದಲೇ ಬರಬೇಕು.

ಜಾಮೀನು ಹಾಕುವವರಿಗೂ ಒಂದು ಮಾತು. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಸ್ನೇಹಿತ ಕಂತು ತಪ್ಪಿಸಿದರೆ ನಿಮ್ಮ ದಾಖಲೆಯೂ ಕೆಡುತ್ತದೆ. ಅಬೂ ಕತಾದರಂತೆ(ರ) ತೀರಿಸುವ ಮನಸ್ಸೂ ಶಕ್ತಿಯೂ ಇದ್ದರೆ ಮಾತ್ರ ಸಹಿ ಮಾಡಿ.

ಇನ್ನು ಜಮಾಅತ್‌ಗಳ ಹಿರಿಯರು ಕೂಡ ಯೋಚಿಸಬೇಕು. ಬಾಡಿಗೆ ಮುಂಗಡಕ್ಕೆ, ನಿವೇಶನದ ನೋಂದಣಿಗೆ ಬಡ್ಡಿಯಿಲ್ಲದ ಸಣ್ಣ ಸಾಲ ಕೊಡುವ ಕರ್ಝೆ ಹಸನದ ನಿಧಿಯನ್ನು, ಕಾನೂನಿನ ಚೌಕಟ್ಟಿನಲ್ಲಿ, ಪ್ರತಿ ರೂಪಾಯಿಯ ಲೆಕ್ಕ ಬರೆದು, ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಿ ನಡೆಸಬಹುದು. ನಿಕಲ್ಸನ್ ಹುಡುಕಿದ್ದು ಇಂಥ ಪರಸ್ಪರ ಹೊಣೆಯನ್ನೇ. ಅದು ನಮ್ಮಲ್ಲಿ ಆಗಲೇ ಇತ್ತು, ಮರೆತಿದ್ದೇವೆ ಅಷ್ಟೆ.

ಮಕ್ಕಾದ ವಿರೋಧಿಗಳು ಪ್ರವಾದಿವರ್ಯರನ್ನು(ಸ) ಊರು ಬಿಡುವಂತೆ ಮಾಡಿದಾಗಲೂ ಅವರ ಅಮಾನತ್‌ಗಳು ಅವರ ಬಳಿಯೇ ಇದ್ದವು. ಅವನ್ನು ಒಡೆಯರಿಗೆ ಮರಳಿಸಲು ಹಝ್ರತ್ ಅಲಿ(ರ) ಹಿಂದೆ ಉಳಿದರು. ವಿರೋಧಿಯೂ ನಂಬುವಂಥ ಆ ನಡತೆಗೆ ಯಾವ ಅಂಕಿ ಸಮನಾದೀತು? ಆ ನಡತೆ ನಮ್ಮ ಮಕ್ಕಳಲ್ಲಿರಲಿ, ಅದಕ್ಕೊಂದು ಕಾಗದವೂ ಇರಲಿ. ಸಾಲದ ಭಾರದಿಂದ ಅಲ್ಲಾಹನು ನಮ್ಮನ್ನೆಲ್ಲ ಕಾಪಾಡಲಿ, ಮನೆಯಿಲ್ಲದವರಿಗೆ ಹಲಾಲಾದ ಸೂರನ್ನು ಕರುಣಿಸಲಿ. ಆಮೀನ್.