ಮುಟ್ಟುಗೋಲಿನಿಂದ ಸ್ಥಳೀಯ ಆವೃತ್ತಿಯವರೆಗೆ: ದಕ್ಷಿಣ ಏಷ್ಯಾದಲ್ಲಿ ಯೂಟ್ಯೂಬ್ ನಿರ್ಬಂಧದ ಚರಿತ್ರೆ

ಅಂತರ್ಜಾಲದ ವಿವಾದಿತ ವಿಡಿಯೊಗಳ ಬಗ್ಗೆ ದಕ್ಷಿಣ ಏಷ್ಯಾದ ಸರ್ಕಾರಗಳು ತಳೆದ ನಿಲುವಿನ ಬೇರುಗಳು ಬಹುಮಟ್ಟಿಗೆ ವಸಾಹತು ಕಾಲದಲ್ಲಿವೆ. ಲಾಹೋರಿನ 'ರಂಗೀಲಾ ರಸೂಲ್' ಎಂಬ ಕಿರುಹೊತ್ತಗೆಯ ಪ್ರಕಾಶಕನನ್ನು ಅಲ್ಲಿನ ಹೈಕೋರ್ಟು ಖುಲಾಸೆಗೊಳಿಸಿದ ಮೇಲೆ ಎದ್ದ ಕ್ಷೋಭೆಯ ನಡುವೆ, ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ಕೆರಳಿಸುವುದನ್ನು ಅಪರಾಧವೆಂದು ಸಾರುವ 295ಎ ಕಲಂ 1927ರಲ್ಲಿ ದಂಡ ಸಂಹಿತೆಗೆ ಸೇರಿತು. 1947ರಲ್ಲಿ ಗಡಿಗಳು ಬದಲಾದರೂ ಭಾರತ, ಪಾಕಿಸ್ತಾನ ಮತ್ತು ಮುಂದೆ ಬಾಂಗ್ಲಾದೇಶಗಳು ಆ ಕಲಮನ್ನೂ, ಆಕ್ಷೇಪಾರ್ಹ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳುವ ರೂಢಿಯನ್ನೂ ಉಳಿಸಿಕೊಂಡವು. ಆದರೆ ಪುಸ್ತಕಕ್ಕೆ ಊರಿನಲ್ಲೇ ಒಬ್ಬ ಮುದ್ರಕನೂ ಒಂದು ಅಂಗಡಿಯೂ ಇರುತ್ತಿದ್ದವು. 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಯೂಟ್ಯೂಬಿಗೆ ಅಂಥ ವಿಳಾಸವಿರಲಿಲ್ಲ.

ಈ ತೊಡಕು ಜಗತ್ತಿಗೇ ಗೋಚರಿಸಿದ್ದು 2008ರ ಫೆಬ್ರವರಿ 24ರಂದು. ಇಸ್ಲಾಮನ್ನು ನಿಂದಿಸುವ ವಿಡಿಯೊ ಇದೆಯೆಂದು ಪಾಕಿಸ್ತಾನದ ದೂರಸಂಪರ್ಕ ಪ್ರಾಧಿಕಾರ ಯೂಟ್ಯೂಬನ್ನು ತಡೆಯುವಂತೆ ಆದೇಶಿಸಿದಾಗ, ಪಾಕಿಸ್ತಾನ ಟೆಲಿಕಾಂ ಆ ತಾಣದ ವಿಳಾಸಗಳಿಗೆ ತನ್ನ ಜಾಲದಲ್ಲೇ ಒಂದು ಸುಳ್ಳು ದಾರಿಯನ್ನು ಹಾಕಿತು. ಯಾವ ವಿಳಾಸಕ್ಕೆ ಯಾರ ಮೂಲಕ ಹೋಗಬೇಕೆಂಬುದನ್ನು ಜಾಲಗಳು ಪರಸ್ಪರ ಘೋಷಿಸಿಕೊಳ್ಳುವ ವ್ಯವಸ್ಥೆಗೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್ ಎಂದು ಹೆಸರು. ಅದರಲ್ಲಿ ಹೆಚ್ಚು ನಿರ್ದಿಷ್ಟವಾದ ಘೋಷಣೆಗೇ ಮನ್ನಣೆ. ಯೂಟ್ಯೂಬ್ 1,024 ವಿಳಾಸಗಳ ಗುಚ್ಛವನ್ನು ಘೋಷಿಸಿತ್ತು. ಪಾಕಿಸ್ತಾನದ ಘೋಷಣೆ ಅವುಗಳೊಳಗಿನ 256ಕ್ಕೆ ಸೀಮಿತವಾಗಿತ್ತು. ದೇಶದ ಒಳಗೇ ನಿಲ್ಲಬೇಕಿದ್ದ ಆ ಘೋಷಣೆ ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಜಾಲಕ್ಕೆ ಸೋರಿ, ಅಲ್ಲಿ ಯಾವ ಪರಿಶೀಲನೆಯೂ ಇಲ್ಲದೆ ಮುಂದಕ್ಕೆ ಹರಡಿತು. ಸುಮಾರು ಎರಡು ಗಂಟೆಗಳ ಕಾಲ ಪ್ರಪಂಚದ ಬಹುಭಾಗದ ವೀಕ್ಷಕರಿಗೆ ಯೂಟ್ಯೂಬನ್ನು ತಲುಪಲಾಗಲಿಲ್ಲ. ಯೂಟ್ಯೂಬಿನ ತಂತ್ರಜ್ಞರು ತಮ್ಮ ವಿಳಾಸಗಳನ್ನು 128ರ ಇನ್ನೂ ಚಿಕ್ಕ ಗುಚ್ಛಗಳಾಗಿ ಒಡೆದು ಘೋಷಿಸಿ ದಾರಿಯನ್ನು ಮರಳಿ ಪಡೆಯಬೇಕಾಯಿತು.

ಧರ್ಮವೊಂದೇ ಕಾರಣವಾಗಿರಲಿಲ್ಲ ಎಂಬುದಕ್ಕೆ ಬಾಂಗ್ಲಾದೇಶ ಸಾಕ್ಷಿ: 2009ರಲ್ಲಿ ಗಡಿ ರಕ್ಷಣಾ ಪಡೆಯ ದಂಗೆಯ ನಂತರ ಪ್ರಧಾನಿ ಶೇಖ್ ಹಸೀನಾ ಮತ್ತು ಸೇನಾಧಿಕಾರಿಗಳ ನಡುವೆ ನಡೆದ ಸಭೆಯ ಧ್ವನಿಮುದ್ರಣ ಹೊರಬಿದ್ದಾಗ ಅಲ್ಲಿ ಯೂಟ್ಯೂಬ್ ಕೆಲವು ದಿನ ಸ್ಥಗಿತಗೊಂಡಿತು.

2012ರ ಸೆಪ್ಟೆಂಬರಿನಲ್ಲಿ ಇಸ್ಲಾಮನ್ನು ನಿಂದಿಸುವ 'ಇನೊಸೆನ್ಸ್ ಆಫ್ ಮುಸ್ಲಿಮ್ಸ್' ಚಿತ್ರದ ತುಣುಕು ಹರಡಿದಾಗ ಈ ರಾಷ್ಟ್ರಗಳ ಹಾದಿ ಕವಲೊಡೆಯಿತು. ಯೂಟ್ಯೂಬಿನ ಸ್ಥಳೀಯ ಆವೃತ್ತಿಯಿದ್ದ ಭಾರತದಲ್ಲಿ ಅದರ ಒಡೆತನದ ಕಂಪನಿಯಾದ ಗೂಗಲ್ ಆ ತುಣುಕನ್ನಷ್ಟೇ ಮರೆಮಾಡಿತು; ಅಂಥ ಏರ್ಪಾಡಿಲ್ಲದ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳು ಇಡೀ ತಾಣವನ್ನೇ ಮುಚ್ಚಿದವು. ಬಾಂಗ್ಲಾದೇಶ 2013ರ ಜೂನ್‌ನಲ್ಲಿ ತಡೆ ತೆಗೆದರೆ, ಪಾಕಿಸ್ತಾನದಲ್ಲಿ ಅದು ಮೂರು ವರ್ಷಕ್ಕೂ ಮೀರಿ ಮುಂದುವರಿಯಿತು. ಒಂದು ತುಣುಕಿನ ಕಾರಣಕ್ಕೆ ಪಾಠ, ಸಂಗೀತ, ಕಸುಬು ಕಲಿಯಲು ಬರುತ್ತಿದ್ದವರನ್ನೆಲ್ಲ ಹೊರಗಿಟ್ಟ ಈ ಕ್ರಮ ಅಪರಾಧಕ್ಕೆ ಯಾವ ರೀತಿಯಲ್ಲೂ ತಕ್ಕುದಾಗಿರಲಿಲ್ಲ. 'ಬೈಟ್ಸ್ ಫಾರ್ ಆಲ್' ಎಂಬ ಸಂಸ್ಥೆ ಅದನ್ನು ಲಾಹೋರ್ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಕೊನೆಗೆ 2016ರ ಜನವರಿಯಲ್ಲಿ ತಡೆ ತೆರವಾದದ್ದು ಗೂಗಲ್ ಪಾಕಿಸ್ತಾನಕ್ಕೆಂದೇ ಪ್ರತ್ಯೇಕ ಆವೃತ್ತಿಯನ್ನು ತಂದ ಮೇಲೆ.

ಭಾರತದ ದಾರಿ ಹೊರನೋಟಕ್ಕೆ ಸೌಮ್ಯವಾದದ್ದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಮತ್ತು 2009ರ ನಿಯಮಗಳು ನಿರ್ದಿಷ್ಟ ಪುಟವನ್ನು ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟವು, 16ನೇ ನಿಯಮ ಆ ಆದೇಶಗಳನ್ನು ಗೋಪ್ಯವಾಗಿಡಬೇಕೆಂದಿತು. 2012ರ ಆಗಸ್ಟಿನಲ್ಲಿ ಅಸ್ಸಾಮಿನ ಗಲಭೆಯ ಹೆಸರಿನಲ್ಲಿ ಹಬ್ಬಿದ ವದಂತಿ ಮತ್ತು ತಿರುಚಿದ ಚಿತ್ರಗಳಿಂದ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದಾಗ, ಕೇಂದ್ರವು ನಾಲ್ಕು ದಿನಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪುಟ, ವಿಡಿಯೊ, ಖಾತೆಗಳನ್ನು ತಡೆಯಲು ಆದೇಶಿಸಿತು. ಸೋರಿಹೋದ ಪಟ್ಟಿಯನ್ನು ಪರಿಶೀಲಿಸಿದ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಗೆ, ವದಂತಿಯನ್ನು ಸುಳ್ಳೆಂದು ತೋರಿಸಿದ ಬರಹವೂ ಅದರಲ್ಲಿ ಸೇರಿರುವುದು ಕಂಡುಬಂತು. ಪಟ್ಟಿ ಗೋಪ್ಯವಾಗಿಯೇ ಉಳಿದಿದ್ದರೆ ಆ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 69ಎಯನ್ನು ಎತ್ತಿಹಿಡಿಯಲು ಕೊಟ್ಟ ಕಾರಣಗಳಲ್ಲಿ ಒಂದು, ತಡೆಗೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕಾದ್ದರಿಂದ ಅದನ್ನು ರಿಟ್ ಅರ್ಜಿಯ ಮೂಲಕ ಪ್ರಶ್ನಿಸಬಹುದು ಎಂಬುದು. ಆದರೆ ಅದೇ ತೀರ್ಪು 16ನೇ ನಿಯಮವನ್ನೂ ಹಾಗೆಯೇ ಬಿಟ್ಟಿದ್ದರಿಂದ, ವಿಡಿಯೊ ಕಳೆದುಕೊಂಡವನ ಕೈಗೆ ಆ ಲಿಖಿತ ಕಾರಣ ಸಿಗುವ ದಾರಿ ತೆರೆಯಲಿಲ್ಲ.