ಒಳಗೇ ಕರಗುವ ದಾರ, ಒಳಗೇ ಕರಗುವ ಬಟ್ಟೆ

ಸುರಿಯುವ ರಕ್ತವನ್ನು ನಿಲ್ಲಿಸಲು ಸುಶ್ರುತ ಸಂಹಿತೆ ನಾಲ್ಕು ಉಪಾಯ ಹೇಳುತ್ತದೆ: ಒಗರು ಕಷಾಯದಿಂದ ಗಾಯವನ್ನು ಕೂಡಿಸುವುದು, ತಂಪಿನಿಂದ ರಕ್ತವನ್ನು ಹೆಪ್ಪುಗಟ್ಟಿಸುವುದು, ಬೂದಿ ಹಾಕುವುದು, ಯಾವುದಕ್ಕೂ ಬಗ್ಗದಿದ್ದರೆ ಸುಡುವುದು. ಶಸ್ತ್ರಚಿಕಿತ್ಸೆ ದೇಹದ ಆಳಕ್ಕೆ ಇಳಿದಂತೆ ಬೇರೊಂದು ತೊಡಕು ಎದುರಾಯಿತು. ರಕ್ತ ನಿಲ್ಲಿಸಲೆಂದು ಒಳಗೆ ಕಟ್ಟಿದ ದಾರವನ್ನೋ ತುರುಕಿದ ಬಟ್ಟೆಯನ್ನೋ ಮತ್ತೆ ಹೊರತೆಗೆಯಬೇಕಿತ್ತು.

19ನೇ ಶತಮಾನದ ಯುರೋಪಿನಲ್ಲಿ ರಕ್ತನಾಳವನ್ನು ರೇಷ್ಮೆ ಅಥವಾ ನಾರಿನ ದಾರದಿಂದ ಬಿಗಿದು, ಅದರ ತುದಿಯನ್ನು ಗಾಯದ ಹೊರಗೆ ಇಳಿಬಿಡುತ್ತಿದ್ದರು. ದಿನಗಳು ಕಳೆದು, ಕೀವು ತುಂಬಿ, ಗಂಟು ಸಡಿಲವಾದಾಗ ಎಳೆದು ತೆಗೆಯುತ್ತಿದ್ದರು. ಎಳೆದ ಕೂಡಲೇ ರಕ್ತ ಚಿಮ್ಮಿ ರೋಗಿ ಸತ್ತದ್ದೂ ಉಂಟು. ಬ್ರಿಟಿಷ್ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕುರಿಯ ಕರುಳಿನಿಂದ ಹೊಸೆದ ದಾರವನ್ನು, ಅಂದರೆ ಕ್ಯಾಟ್‌ಗಟ್ಟನ್ನು, ರೋಗಾಣುನಾಶಕ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ 1868ರ ಕೊನೆಯಲ್ಲಿ ಒಂದು ಕರುವಿನ ಕತ್ತಿನ ಅಪಧಮನಿಗೆ ಕಟ್ಟಿದ. ತಿಂಗಳ ಬಳಿಕ ನೋಡಿದರೆ ದಾರವಿದ್ದ ಜಾಗದಲ್ಲಿ ಜೀವಂತ ಅಂಗಾಂಶ ಬೆಳೆದಿತ್ತು. ಕರುಳಿನ ದಾರ ಅವನಿಗಿಂತ ಎಷ್ಟೋ ಹಳೆಯದು; ಅದನ್ನು ಗಾಯದೊಳಗೇ ಬಿಟ್ಟು ಹೊಲಿಯುವ ಧೈರ್ಯ ತಂದದ್ದು ಅವನ ಹೆಚ್ಚುಗಾರಿಕೆ. ಆದರೂ ಆ ದಾರದಲ್ಲೇ ಅಡಗಿದ್ದ ರೋಗಾಣುಗಳನ್ನು ಪೂರ್ತಿ ಕೊಲ್ಲುವುದು ಹಲವು ದಶಕ ತಲೆನೋವಾಗಿಯೇ ಉಳಿಯಿತು.

ಯಕೃತ್ತು, ಮಿದುಳುಗಳಲ್ಲಿ ರಕ್ತ ಒಂದೇ ನಾಳದಿಂದ ಹರಿಯದೆ ಎಲ್ಲೆಡೆಯಿಂದ ಜಿನುಗುತ್ತದೆ. ಅಲ್ಲಿ ದಾರ ಕಟ್ಟುವುದಾದರೂ ಎಲ್ಲಿಗೆ? ಉತ್ತರ ಬಂದದ್ದು ಛಾಯಾಚಿತ್ರದ ಫಿಲ್ಮ್ ತಯಾರಿಸುವ ಈಸ್ಟ್‌ಮನ್ ಕೊಡಾಕ್ ಕಂಪನಿಯ ಪ್ರಯೋಗಾಲಯದಿಂದ. ಹತ್ತಿಯ ಸೆಲ್ಯುಲೋಸನ್ನು ನೈಟ್ರೋಜನ್ ಡೈಆಕ್ಸೈಡ್‌ನಿಂದ ಉತ್ಕರ್ಷಿಸುವ ವಿಧಾನವನ್ನು ವಿಲಿಯಂ ಕೆನ್ಯನ್ ಮತ್ತು ಸಂಗಡಿಗರು 1942ರಲ್ಲಿ ಪ್ರಕಟಿಸಿದರು. ಮಾಮೂಲು ಹತ್ತಿಯನ್ನು ಅರಗಿಸಲಾರದ ದೇಹ ಹೀಗೆ ಉತ್ಕರ್ಷಿಸಿದ ಹತ್ತಿಯನ್ನು ಕರಗಿಸಿಕೊಳ್ಳುತ್ತದೆ ಎಂಬುದನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವರ್ಜೀನಿಯಾ ನೀಲ್ಯಾಂಡ್ ಫ್ರಾಂಟ್ಸ್ ತೋರಿಸಿಕೊಟ್ಟರು. ಈ ಹತ್ತಿಯ ಬಟ್ಟೆ ಆಮ್ಲೀಯವಾದದ್ದರಿಂದ ಬ್ಯಾಕ್ಟೀರಿಯಾಗಳನ್ನೂ ಹತ್ತಿಕ್ಕುತ್ತದೆ. ಅದೇ ಆಮ್ಲ ಥ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಕಿಣ್ವವನ್ನು ಕೆಡಿಸುವುದರಿಂದ ಎರಡನ್ನೂ ಬೆರೆಸಿ ಬಳಸುವಂತಿಲ್ಲ. ಈ ಕುಂದಿಲ್ಲದ ಜೆಲಾಟಿನ್ ಸ್ಪಂಜು 1945ರಲ್ಲಿ ಬಂತು.

ಕಡಲ ಪಾಚಿಯಿಂದ ಸಿಗುವ ಆಲ್ಜಿನೇಟ್ ಕೂಡ ಅದೇ ದಶಕದಲ್ಲಿ ಬ್ರಿಟನ್ನಿನಲ್ಲಿ ರಕ್ತ ನಿಲ್ಲಿಸಲು ಬಳಕೆಗೆ ಬಂತು. ಸಿಗಡಿಯ ಚಿಪ್ಪಿನಿಂದ ತೆಗೆಯುವ ಕೈಟೊಸಾನ್‌ನ ಪಟ್ಟಿಗಳನ್ನು 2000ದ ದಶಕದ ಆರಂಭದಿಂದ ಅಮೆರಿಕದ ಸೈನಿಕರು ಇರಾಕ್, ಅಫ್ಘಾನಿಸ್ತಾನಗಳಿಗೆ ಒಯ್ದರು. ಧನವಿದ್ಯುದಂಶವಿರುವ ಕೈಟೊಸಾನ್ ಋಣವಿದ್ಯುದಂಶದ ಕೆಂಪು ರಕ್ತಕಣಗಳನ್ನು ಸೆಳೆದು ಅಂಟಿಸುತ್ತದೆ. ಕೈಟೊಸಾನ್ ದೇಹದಲ್ಲಿ ಕರಗಬಲ್ಲದಾದರೂ ಈ ಪಟ್ಟಿಗಳನ್ನು ಒಳಗೆ ಬಿಡುವುದಿಲ್ಲ. ಗಾಯಾಳು ಆಸ್ಪತ್ರೆ ತಲುಪಿದ ಮೇಲೆ ತೆಗೆದುಬಿಡುತ್ತಾರೆ.